ಬಂಡೆಯ ಸ್ಕ್ಯಾನ್ ಜಾಗಕ್ಕೆ ಕೂರದಿದ್ದರೆ: ಮೊದಲು ದೂರ ನೋಡಿ, ಆಮೇಲೆ ನಿರ್ದೇಶಾಂಕ

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಒಂದು ಕಲ್ಲು ಕ್ವಾರಿ. ಬೂದು ಗ್ರಾನೈಟ್ ಗೋಡೆ, ಸುಮಾರು 160 ಮೀಟರ್ ಉದ್ದ, 28 ಮೀಟರ್ ಎತ್ತರ. ಲೇಸರ್ ಸ್ಕ್ಯಾನರನ್ನು ಮೂರು ಕಡೆ ನಿಲ್ಲಿಸಿ ಸ್ಕ್ಯಾನ್ ಮಾಡಿದೆವು. ಗೋಡೆ ಮೇಲೆ ಕಪ್ಪು ಬಿಳುಪು ಚೌಕದ ಆರು ಟಾರ್ಗೆಟ್, ಟಿ1ರಿಂದ ಟಿ6, ಅಂಟಿಸಿದ್ದೆವು. ಅವುಗಳ ನಿರ್ದೇಶಾಂಕವನ್ನು (ಪೂರ್ವ, ಉತ್ತರ, ಎತ್ತರದ ಅಂಕಿ) ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್‌ನಲ್ಲಿ ತೆಗೆದಿದ್ದೆವು. ಆಫೀಸಿಗೆ ಬಂದು ಎರಡನ್ನೂ ಜೋಡಿಸಿದಾಗ ಆರ್‌ಎಂಎಸ್ ಎರರ್ (ಎಲ್ಲ ಟಾರ್ಗೆಟ್‌ಗಳ ತಪ್ಪಿನ ಒಂದು ಬಗೆಯ ಸರಾಸರಿ) 38 ಮಿ.ಮೀ. ಬಂತು. ಇಷ್ಟು ದೂರದ ಕೆಲಸದಲ್ಲಿ ಅದು ಐದಾರು ಮಿ.ಮೀ. ಇರಬೇಕಿತ್ತು.

ಪಟ್ಟಿಯಲ್ಲಿ ಟಿ1ರ ಎರರ್ ಎಲ್ಲಕ್ಕಿಂತ ಜಾಸ್ತಿ ಇತ್ತು, 55 ಮಿ.ಮೀ. ಹತ್ತಿರ. ಅದನ್ನು ತೆಗೆದೆವು. ಆರ್‌ಎಂಎಸ್ 32ಕ್ಕೆ ಇಳಿಯಿತು. ಜೊತೆಗಿದ್ದ ಹುಡುಗ ಖುಷಿಯಾಗಿ, "ಅಣ್ಣಾ, ಟಿ6 ಕೂಡ ತೆಗೆದುಬಿಡೋಣ" ಅಂದ. ತೆಗೆದೆವು. 26 ಆಯಿತು. ಇನ್ನೊಂದು ತೆಗೆದರೆ ಇನ್ನೂ ಇಳಿಯುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ. ಆರರಲ್ಲಿ ಎರಡು ಟಾರ್ಗೆಟ್ ಬಿಸಾಡಿದ ಮೇಲೂ ಕಾರಣ ಏನು ಅಂತ ನಮಗೆ ಗೊತ್ತಾಗಿರಲಿಲ್ಲ. ಆ ಟಾರ್ಗೆಟ್‌ಗಳಲ್ಲಿ ತಪ್ಪೇ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಹೀಗೆ ಜೋಡಣೆ ಸರಿಯಾಗದಾಗ ಕಾರಣ ಹುಡುಕುವುದು ಹೇಗೆ ಅಂತ ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆ ಕ್ವಾರಿ, ರಸ್ತೆ ಅಗೆತ, ಬೆಟ್ಟದ ಬಂಡೆ ಅಳೆಯುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಲ್ಲಿನ ಕೆಲವು ತೊಂದರೆಗಳು ಈ ಸೀಮೆಗೇ ಸೇರಿದವು.

ಜೋಡಣೆ ಅಂದರೆ ಏನು

ಸ್ಕ್ಯಾನರ್‌ಗೆ ತಾನು ನಿಂತ ಜಾಗವೇ ಸೊನ್ನೆ. ಅದು ಕೊಡುವ ಕೋಟಿಗಟ್ಟಲೆ ಚುಕ್ಕಿಗಳಿಗೆ ಭೂಮಿ ಮೇಲೆ ತಾವು ಎಲ್ಲಿದ್ದೇವೆ ಅನ್ನುವುದು ಗೊತ್ತಿಲ್ಲ. ನಾವು ಸರ್ವೆ ಮಾಡಿದ ಟಾರ್ಗೆಟ್ ಬಿಂದುಗಳ ಸಹಾಯದಿಂದ ಈ ಚುಕ್ಕಿಗಳ ಇಡೀ ರಾಶಿಯನ್ನು, ಅಂದರೆ ಪಾಯಿಂಟ್ ಕ್ಲೌಡನ್ನು, ಮೂರು ದಿಕ್ಕಿಗೆ ಸರಿಸುತ್ತೇವೆ, ಮೂರು ಅಕ್ಷದ ಸುತ್ತ ತಿರುಗಿಸುತ್ತೇವೆ. ಒಟ್ಟು ಆರು ಸಂಖ್ಯೆ ಗೊತ್ತಾದರೆ ಸಾಕು. ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದು ಇದ್ದರೆ ಆ ಆರೂ ಸಿಗುತ್ತವೆ. ಏಳನೆಯದಾಗಿ ಸ್ಕೇಲ್ (ಇಡೀ ಕ್ಲೌಡನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಸಂಖ್ಯೆ) ಅಂತ ಒಂದನ್ನು ಸೇರಿಸುವ ಅವಕಾಶವೂ ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ. ಕ್ಲೌಡ್‌ಕಂಪೇರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಒಂದು ಟಿಕ್ ಬಾಕ್ಸ್ ಇದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸಾಫ್ಟ್‌ವೇರ್ ಮಾಡುವುದು ಇಷ್ಟೇ: ಎಲ್ಲ ಟಾರ್ಗೆಟ್‌ಗಳ ಎರರ್ ಒಟ್ಟಾರೆ ಕಡಿಮೆ ಆಗುವಂತೆ ಕ್ಲೌಡನ್ನು ಕೂರಿಸುತ್ತದೆ. ತಪ್ಪು ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಒಂದು ಕಡೆಯ ತಪ್ಪನ್ನು ಎಲ್ಲ ಕಡೆಗೂ ಹಂಚಿಬಿಡುತ್ತದೆ. ಅದಕ್ಕೇ ಎರರ್ ಪಟ್ಟಿಯಲ್ಲಿ ಮೇಲೆ ನಿಂತ ಬಿಂದುವೇ ಕೆಟ್ಟದ್ದು ಅಂತ ತೀರ್ಮಾನ ಮಾಡಬಾರದು.

ದೂರದ ಪಟ್ಟಿ

ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಇದು. ಜೋಡಿಸುವುದಕ್ಕೆ ಮೊದಲೇ ಮಾಡಬೇಕು.

ಎರಡು ಟಾರ್ಗೆಟ್‌ಗಳ ನಡುವಿನ ದೂರ ಸೊನ್ನೆ ಎಲ್ಲಿದೆ ಅನ್ನುವುದರ ಮೇಲೆ ನಿಂತಿಲ್ಲ. ಉತ್ತರ ಯಾವ ಕಡೆ ಅನ್ನುವುದರ ಮೇಲೂ ನಿಂತಿಲ್ಲ. ಹಾಗಾಗಿ ಸ್ಕ್ಯಾನ್‌ನಲ್ಲಿ ಟಿ1ರಿಂದ ಟಿ2ಕ್ಕೆ ಎಷ್ಟು ದೂರವೋ ಸರ್ವೆಯಲ್ಲೂ ಅಷ್ಟೇ ಇರಬೇಕು. ಆರು ಟಾರ್ಗೆಟ್ ಇದ್ದರೆ 15 ಜೋಡಿ ಸಿಗುತ್ತವೆ. ಎಕ್ಸೆಲ್‌ನಲ್ಲಿ ಮೂರು ಕಾಲಂ ಮಾಡಿ: ಸ್ಕ್ಯಾನ್‌ನ ದೂರ, ಸರ್ವೆಯ ದೂರ, ವ್ಯತ್ಯಾಸ. ಹತ್ತು ನಿಮಿಷದ ಕೆಲಸ.

ಈಗ ವ್ಯತ್ಯಾಸದ ಕಾಲಂ ಓದಿ. ಒಂದೇ ಟಾರ್ಗೆಟ್ ಇರುವ ಜೋಡಿಗಳು ಮಾತ್ರ ಕೆಟ್ಟಿದ್ದು ಉಳಿದವೆಲ್ಲ ಮೂರು ನಾಲ್ಕು ಮಿ.ಮೀ. ಒಳಗಿದ್ದರೆ ತಪ್ಪು ಆ ಟಾರ್ಗೆಟ್‌ನದ್ದೇ. ಗಾಳಿಗೆ ಹಾಳೆ ಎದ್ದಿರಬಹುದು. ಸಡಿಲ ಕಲ್ಲಿಗೆ ಅಂಟಿಸಿದ್ದು ಪಕ್ಕದ ಡ್ರಿಲ್ಲಿಂಗ್ ಅದುರಿಗೆ ಜರುಗಿರಬಹುದು. ತೀರಾ ಓರೆಯಾಗಿ ಲೇಸರ್ ಬಿದ್ದು ಸಾಫ್ಟ್‌ವೇರ್ ನಡುಬಿಂದುವನ್ನು ತಪ್ಪಾಗಿ ಹಿಡಿದಿರಬಹುದು. ಎರಡು ಟಾರ್ಗೆಟ್‌ಗಳ ಸಾಲು ಒಟ್ಟಿಗೆ ಕೆಟ್ಟಿದ್ದು, ಆ ಎರಡರ ನಡುವಿನ ದೂರ ಮಾತ್ರ ಸರಿಯಾಗಿದ್ದರೆ, ಅವುಗಳ ನಂಬರ್ ಅದಲುಬದಲಾಗಿದೆ. ಇದು ತುಂಬಾ ಸಲ ಆಗುತ್ತದೆ.

ಎಲ್ಲ ದೂರವೂ ಸರಿ, ಜೋಡಣೆ ಮಾತ್ರ ಆಗುತ್ತಿಲ್ಲ ಅಂದರೆ ಉತ್ತರ ಮತ್ತು ಪೂರ್ವದ ಅಂಕಿ ಅದಲುಬದಲಾಗಿರಬೇಕು. ಟೋಟಲ್ ಸ್ಟೇಷನ್ ಸಾಮಾನ್ಯವಾಗಿ ಮೊದಲು ಉತ್ತರ ಬರೆದು ಆಮೇಲೆ ಪೂರ್ವ ಬರೆಯುತ್ತದೆ. ಸ್ಕ್ಯಾನಿಂಗ್ ಸಾಫ್ಟ್‌ವೇರ್ ಮೊದಲು ಪೂರ್ವ ಕೇಳುತ್ತದೆ. ಕಾಲಂ ಅದಲುಬದಲಾದರೆ ಆಕಾರ ಕನ್ನಡಿಯ ಬಿಂಬದ ಹಾಗೆ ಆಗುತ್ತದೆ. ಎಡಗೈಯನ್ನು ಎಷ್ಟು ತಿರುಗಿಸಿದರೂ ಅದು ಬಲಗೈ ಆಗುವುದಿಲ್ಲ ಅಲ್ವಾ, ಹಾಗೆಯೇ ಇದೂ ಕೂರುವುದಿಲ್ಲ. ಟಾರ್ಗೆಟ್ ಎಲ್ಲ ಒಂದೇ ಸಪಾಟು ಗೋಡೆಯ ಮೇಲಿದ್ದರೆ ಇನ್ನೂ ಅಪಾಯ. ಆಗ ಕನ್ನಡಿ ಬಿಂಬವೂ ಚೆನ್ನಾಗಿಯೇ ಕೂರುತ್ತದೆ, ಎರರ್ ಚಿಕ್ಕದಾಗಿಯೇ ಬರುತ್ತದೆ, ಗೋಡೆ ಮಾತ್ರ ತಪ್ಪು ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ. ಸ್ಕ್ಯಾನರ್ ನಿಂತ ಜಾಗ ಗೋಡೆಯ ಮುಂದೆ ಬಂದಿದೆಯೋ ಬಂಡೆಯ ಒಳಗೆ ಹೋಗಿದೆಯೋ ಅಂತ ಒಮ್ಮೆ ನೋಡಿದರೆ ಇದು ಸಿಕ್ಕಿಬೀಳುತ್ತದೆ.

ಎಲ್ಲ ಜೋಡಿಗಳೂ ಲೆಕ್ಕಕ್ಕೆ ಸಿಗದ ಹಾಗೆ ಕೆಟ್ಟಿದ್ದರೆ ಮೂರು ಸ್ಕ್ಯಾನ್‌ಗಳನ್ನು ಒಂದಕ್ಕೊಂದು ಸೇರಿಸಿದ್ದೇ ಸರಿ ಇಲ್ಲ. ಅದನ್ನು ಕೊನೆಯಲ್ಲಿ ನೋಡೋಣ. ನಮ್ಮ ಕ್ವಾರಿಯಲ್ಲಿ ಬಂದದ್ದು ಇದ್ಯಾವುದೂ ಅಲ್ಲ.

ಎಲ್ಲ ದೂರವೂ ಒಂದೇ ಪ್ರಮಾಣದಲ್ಲಿ ಜಾಸ್ತಿ

ನಮ್ಮ ಪಟ್ಟಿ ಹೀಗಿತ್ತು. ಟಿ1ರಿಂದ ಟಿ6: ಸ್ಕ್ಯಾನ್‌ನಲ್ಲಿ 142.310 ಮೀಟರ್, ಸರ್ವೆಯಲ್ಲಿ 142.421. ಟಿ2ರಿಂದ ಟಿ5: 88.640, ಸರ್ವೆಯಲ್ಲಿ 88.709. ಟಿ3ರಿಂದ ಟಿ4: 31.205, ಸರ್ವೆಯಲ್ಲಿ 31.229. ವ್ಯತ್ಯಾಸ 111, 69, 24 ಮಿ.ಮೀ. ದೂರ ಹೆಚ್ಚಿದಷ್ಟೂ ವ್ಯತ್ಯಾಸ ಹೆಚ್ಚು. ಭಾಗಿಸಿ ನೋಡಿದರೆ ಮೂರಕ್ಕೂ ಉತ್ತರ ಒಂದೇ: ಮೀಟರಿಗೆ 0.78 ಮಿ.ಮೀ.

ಇದನ್ನು ನೋಡಿದ ಕೂಡಲೇ ಟಿ1, ಟಿ6 ಏಕೆ ಕೆಟ್ಟದಾಗಿ ಕಂಡವು ಅಂತ ಅರ್ಥವಾಯಿತು. ಅವು ಎರಡು ತುದಿಯಲ್ಲಿದ್ದವು, ಅಷ್ಟೇ. ಎರರ್‌ನ ದಿಕ್ಕು ಗೆರೆ ಎಳೆದು ನೋಡಿದಾಗ ಎಲ್ಲ ಬಾಣಗಳೂ ನಡುವಿನಿಂದ ಹೊರಕ್ಕೆ ಚಾಚಿದ್ದವು. ತುದಿಯ ಬಿಂದು ತೆಗೆದಾಗ ಆರ್‌ಎಂಎಸ್ ಇಳಿದದ್ದು ಗೋಡೆ ಚಿಕ್ಕದಾದ ಕಾರಣಕ್ಕೆ ಮಾತ್ರ.

ಕಾರಣ ನಮ್ಮ ಸೀಮೆಯ ರೇಖಾಂಶದಲ್ಲಿದೆ. ಯುಟಿಎಂ ಅನ್ನುವ, ಸರ್ವೆಯವರು ಬಳಸುವ ನಕ್ಷೆ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ ಜೋನ್‌ಗಳಾಗಿ ಸೀಳಿದ್ದಾರೆ. 43ನೇ ಜೋನ್ 72ರಿಂದ 78 ಡಿಗ್ರಿ ಪೂರ್ವದವರೆಗೆ, 44ನೇ ಜೋನ್ 78ರಿಂದ 84ರವರೆಗೆ. ಆ 78ನೇ ರೇಖಾಂಶ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಹಾದುಹೋಗುತ್ತದೆ. ಚಿಕ್ಕಬಳ್ಳಾಪುರ, ಗುಡಿಬಂಡೆ, ಬಾಗೇಪಲ್ಲಿ, ಮಾಲೂರು ಪಟ್ಟಣಗಳು 43ರಲ್ಲಿ. ಚಿಂತಾಮಣಿ, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಕೆಜಿಎಫ್ 44ರಲ್ಲಿ.

ಗುಂಡಗಿನ ಭೂಮಿಯನ್ನು ಸಪಾಟು ಹಾಳೆಗೆ ಇಳಿಸುವಾಗ ಎಲ್ಲೋ ಒಂದು ಕಡೆ ಎಳೆಯಲೇಬೇಕು. ಯುಟಿಎಂನಲ್ಲಿ ಜೋನಿನ ನಡುಗೆರೆಯ ಮೇಲೆ ದೂರ ಸ್ವಲ್ಪ ಕುಗ್ಗುತ್ತದೆ, 0.9996 ಪಟ್ಟು. ಅಂಚಿಗೆ ಬಂದ ಹಾಗೆ ಹಿಗ್ಗುತ್ತದೆ. ನಮ್ಮ ಅಕ್ಷಾಂಶದಲ್ಲಿ 78ನೇ ರೇಖಾಂಶದ ಹತ್ತಿರ ಅದು ಸುಮಾರು 1.0009 ಆಗುತ್ತದೆ. ನಾವು ಸಮುದ್ರಮಟ್ಟದಿಂದ ಎತ್ತರದಲ್ಲಿ ಇರುವುದರಿಂದ ಇದರಲ್ಲಿ ಸುಮಾರು 0.00012 ಕಳೆಯಬೇಕು. ಉಳಿಯುವುದು 1.00078. ಅಂದರೆ ನೆಲದ ಮೇಲೆ ಟೇಪ್ ಹಿಡಿದರೆ 100 ಮೀಟರ್ ಬರುವ ಜಾಗ ಯುಟಿಎಂ ಅಂಕಿಯಲ್ಲಿ 100 ಮೀಟರ್ 78 ಮಿ.ಮೀ. ಆಗುತ್ತದೆ. ಸ್ಕ್ಯಾನರ್ ನೆಲದ ದೂರ ಅಳೆದಿತ್ತು. ನಮ್ಮ ಟೋಟಲ್ ಸ್ಟೇಷನ್‌ನಲ್ಲಿ ಗ್ರಿಡ್ ಸ್ಕೇಲ್ (ನೆಲದ ದೂರವನ್ನು ನಕ್ಷೆಯ ದೂರಕ್ಕೆ ಬದಲಿಸುವ ಸೆಟ್ಟಿಂಗ್) ಆನ್ ಆಗಿತ್ತು, ಅದು ಯುಟಿಎಂ ದೂರ ಕೊಟ್ಟಿತ್ತು. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದವು.

ನಾನು ವರ್ಷಗಟ್ಟಲೆ ತುಮಕೂರು ಕಡೆ ಇದೇ ಕೆಲಸ ಮಾಡಿದ್ದೆ. ಅಲ್ಲಿ ಇದು ಯಾವತ್ತೂ ಕಾಡಿರಲಿಲ್ಲ. ಏಕೆ ಅಂದರೆ ತುಮಕೂರು 77.1 ಡಿಗ್ರಿಯಲ್ಲಿದೆ, ಜೋನಿನ ಅಂಚಿನಿಂದ ದೂರ. ಅಲ್ಲಿ 100 ಮೀಟರಿಗೆ ವ್ಯತ್ಯಾಸ ಒಂದು ಸೆಂ.ಮೀ. ಚಿಲ್ಲರೆ. ಅಳತೆಯ ಎರರ್ ಜೊತೆ ಸೇರಿ ಮರೆಯಾಗಿಬಿಡುತ್ತದೆ. ಅದೇ ಯಂತ್ರ, ಅದೇ ಸೆಟ್ಟಿಂಗ್, ಅದೇ ಜನ. ನೂರು ಕಿ.ಮೀ. ಪೂರ್ವಕ್ಕೆ ಬಂದ ಕೂಡಲೇ ಅದು ಏಳೆಂಟು ಸೆಂ.ಮೀ. ಆಯಿತು. ಕೋಲಾರ, ಚಿಂತಾಮಣಿ ಕಡೆ ಕೆಲಸ ಮಾಡುವವರು ಈ ಅಂಕಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. 44ನೇ ಜೋನಿಗೆ ಬದಲಾಯಿಸಿದರೂ ಇದು ತಪ್ಪುವುದಿಲ್ಲ, ಅಂಚು ಎರಡೂ ಕಡೆಗೆ ಅಂಚೇ.

ಈಗ ಪರಿಹಾರ. ಕೈ ಮೊದಲು ಹೋಗುವುದು ಸ್ಕೇಲ್ ಟಿಕ್ ಬಾಕ್ಸ್ ಕಡೆಗೆ. ಟಿಕ್ ಮಾಡಿದರೆ ಆರ್‌ಎಂಎಸ್ ತಕ್ಷಣ 6 ಮಿ.ಮೀ.ಗೆ ಇಳಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಗ್ರಿಡ್ ಹಿಗ್ಗಿಸುವುದು ಅಡ್ಡ ದೂರವನ್ನು ಮಾತ್ರ, ಎತ್ತರವನ್ನಲ್ಲ. ಸ್ಕೇಲ್ ಟಿಕ್ ಮಾಡಿದರೆ ಎತ್ತರವೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ. 28 ಮೀಟರ್ ಗೋಡೆ 22 ಮಿ.ಮೀ. ಬೆಳೆದುಬಿಡುತ್ತದೆ. ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ಸ್ಕೇಲ್ ಬಿಟ್ಟುಕೊಟ್ಟರೆ ಇನ್ನು ಮುಂದೆ ಯಾವುದೇ ಅಳತೆ ತಪ್ಪಾದರೂ ಸಾಫ್ಟ್‌ವೇರ್ ಅದನ್ನು ಸ್ಕೇಲಿನಲ್ಲಿ ನುಂಗಿಕೊಂಡು ಚಂದದ ಆರ್‌ಎಂಎಸ್ ತೋರಿಸುತ್ತದೆ. ಫೋಟೋಗಳಿಂದ ಮಾಡಿದ ಕ್ಲೌಡ್ ಆದರೆ ಮಾತು ಬೇರೆ, ಅದಕ್ಕೆ ತನ್ನದೇ ಅಳತೆ ಇರುವುದಿಲ್ಲ, ಸ್ಕೇಲ್ ಕೊಡಲೇಬೇಕು. ಲೇಸರ್ ಸ್ಕ್ಯಾನರ್ ದೂರವನ್ನು ಅಳೆದೇ ಬಂದಿರುತ್ತದೆ.

ನಾವು ಮಾಡಿದ್ದು ಹೀಗೆ. ಕ್ವಾರಿಯಲ್ಲಿದ್ದ, ನಿರ್ದೇಶಾಂಕ ಮೊದಲೇ ಗೊತ್ತಿದ್ದ ಒಂದು ಕಂಟ್ರೋಲ್ ಕಂಬವನ್ನು ಬುಡವಾಗಿ ಇಟ್ಟುಕೊಂಡೆವು. ಪ್ರತಿ ಟಾರ್ಗೆಟ್‌ನ ಪೂರ್ವ, ಉತ್ತರ ಅಂಕಿಯಿಂದ ಆ ಕಂಬದ ಅಂಕಿ ಕಳೆದೆವು. ಉಳಿದದ್ದನ್ನು 1.00078ರಿಂದ ಭಾಗಿಸಿದೆವು. ಎತ್ತರವನ್ನು ಮುಟ್ಟಲಿಲ್ಲ. ಆಮೇಲೆ ಪೂರ್ವಕ್ಕೆ 2000, ಉತ್ತರಕ್ಕೆ 7000 ಸೇರಿಸಿದೆವು. ಎರಡಕ್ಕೂ ಒಂದೇ ಸಂಖ್ಯೆ ಸೇರಿಸಬೇಡಿ, ಕಾಲಂ ಅದಲುಬದಲಾದರೆ ಗೊತ್ತೇ ಆಗುವುದಿಲ್ಲ. ಈ ನೆಲದ ನಿರ್ದೇಶಾಂಕಕ್ಕೆ ಸ್ಕೇಲ್ ಇಲ್ಲದೆ ಜೋಡಿಸಿದಾಗ ಆರೂ ಟಾರ್ಗೆಟ್ ಸೇರಿ ಆರ್‌ಎಂಎಸ್ 5 ಮಿ.ಮೀ. ಬಂತು. ಟಿ1, ಟಿ6 ಎರಡೂ ಒಳಗೇ ಇದ್ದವು.

ದೊಡ್ಡ ಪ್ರದೇಶದ ಕೆಲಸವಾದರೆ 78 ಡಿಗ್ರಿಯನ್ನೇ ನಡುಗೆರೆ ಮಾಡಿಕೊಂಡು, ಎತ್ತರಕ್ಕೆ ತಕ್ಕ ಹಾಗೆ ಸ್ಕೇಲನ್ನು 1.00012 ಇಟ್ಟು ಯುಟಿಎಂ ಬಗೆಯದ್ದೇ ಆದ, ನಿಮ್ಮದೇ ಒಂದು ಟ್ರಾನ್ಸ್‌ವರ್ಸ್ ಮರ್ಕೇಟರ್ ಪ್ರೊಜೆಕ್ಷನ್ ಮಾಡಿಕೊಳ್ಳಬಹುದು. ಆಗ ಗ್ರಿಡ್ ದೂರವೂ ನೆಲದ ದೂರವೂ ಹೆಚ್ಚುಕಡಿಮೆ ಒಂದೇ ಆಗುತ್ತದೆ.

ಕ್ವಾರಿ ಮೇಸ್ತ್ರಿ ಕೇಳಿದರು, "ಏಳೆಂಟು ಸೆಂಟಿಮೀಟರ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಸಾರ್?" ಲೆಕ್ಕ ತೋರಿಸಿದೆ. ಅಡ್ಡ ದೂರ ಎರಡು ದಿಕ್ಕಿಗೂ ಹಿಗ್ಗುವುದರಿಂದ ಯುಟಿಎಂ ಅಂಕಿಯಲ್ಲಿ ಲೆಕ್ಕ ಹಾಕಿದ ಘನ ಅಳತೆ 0.156 ಪರ್ಸೆಂಟ್ ಜಾಸ್ತಿ ಬರುತ್ತದೆ. 50,000 ಘನ ಮೀಟರ್ ಕಲ್ಲು ತೆಗೆದಿದ್ದರೆ 78 ಘನ ಮೀಟರ್ ಕಲ್ಲು ಇಲ್ಲದೆಯೇ ಲೆಕ್ಕಕ್ಕೆ ಬರುತ್ತದೆ. ಆ ಕಲ್ಲಿಗೆ ರಾಯಲ್ಟಿ ಕಟ್ಟುವವರು ಯಾರು? ಅವರಿಗೆ ಅರ್ಥವಾಯಿತು.

ಎರರ್ ಚಿಕ್ಕದು, ಗೋಡೆ ಮಾತ್ರ ವಾಲಿದೆ

ಮೇಲಿನ ತೊಂದರೆ ದೊಡ್ಡ ಎರರ್ ತೋರಿಸಿ ನಮ್ಮನ್ನು ಎಚ್ಚರಿಸಿತು. ಎಚ್ಚರಿಸದೆ ಬರುವ ತೊಂದರೆಯೇ ಹೆಚ್ಚು ನಷ್ಟ ಮಾಡುತ್ತದೆ.

ಇನ್ನೊಂದು ಕಡೆ ರಸ್ತೆಗಾಗಿ ಬಂಡೆ ಸೀಳಿದ್ದರು. ಗೋಡೆ 60 ಮೀಟರ್ ಉದ್ದ, 25 ಮೀಟರ್ ಎತ್ತರ. ಮೇಲೆ ಹತ್ತಲು ದಾರಿ ಇರಲಿಲ್ಲ. ಟಾರ್ಗೆಟ್ ಎಲ್ಲವನ್ನೂ ಬುಡದಲ್ಲಿ, ಕೈಗೆ ಸಿಗುವ ಎತ್ತರದಲ್ಲಿ ಸಾಲಾಗಿ ಅಂಟಿಸಿದೆವು. ಪಕ್ಕದಲ್ಲಿ ಬಂಡೆ ಒಡೆಯುವ ಬ್ರೇಕರ್ ಕೆಲಸ ಮಾಡುತ್ತಿತ್ತು. ನೆಲ ಅದುರುತ್ತಿದ್ದರಿಂದ ಸ್ಕ್ಯಾನರ್ ವಾಲಿದ್ದನ್ನು ತಾನೇ ತಿದ್ದುವ ಟಿಲ್ಟ್ ಕಾಂಪೆನ್ಸೇಟರ್ ಆಫ್ ಮಾಡಿದ್ದೆವು. ಜೋಡಿಸಿದಾಗ ಆರ್‌ಎಂಎಸ್ 4 ಮಿ.ಮೀ. ದೂರದ ಪಟ್ಟಿಯೂ ಶುದ್ಧ. ನೆಮ್ಮದಿಯಾಗಿ ಮನೆಗೆ ಹೋದೆವು.

ಒಂದು ವಾರದ ನಂತರ ಗೋಡೆಯ ಮೇಲಂಚನ್ನು ಬೇರೆಯವರು ಮೇಲಿನಿಂದ ಅಳೆದಾಗ ನಮ್ಮ ಕ್ಲೌಡ್ ಅಲ್ಲಿ 20 ಸೆಂ.ಮೀ. ಮುಂದಕ್ಕೆ ಬಾಗಿತ್ತು.

ಬಾಗಿಲನ್ನು ನೆನಪಿಸಿಕೊಳ್ಳಿ. ಕೀಲುಗಳು ಒಂದೇ ಗೆರೆಯಲ್ಲಿ ಇರುವುದರಿಂದಲೇ ಅದು ತಿರುಗುತ್ತದೆ. ಟಾರ್ಗೆಟ್ ಎಲ್ಲ ಒಂದೇ ಗೆರೆಯಲ್ಲಿದ್ದರೆ ಕ್ಲೌಡ್ ಆ ಗೆರೆಯ ಸುತ್ತ ಹಾಗೆಯೇ ತಿರುಗುತ್ತದೆ. ಎಷ್ಟು ತಿರುಗಿದರೂ ಟಾರ್ಗೆಟ್‌ಗಳ ಎರರ್ ಬದಲಾಗುವುದಿಲ್ಲ, ಏಕೆಂದರೆ ಅವು ಕೀಲಿನ ಮೇಲೇ ಇವೆ. ನಮ್ಮ ಸಾಲಿನಲ್ಲಿ ಬಂಡೆಯ ಉಬ್ಬುತಗ್ಗಿನಿಂದ ಅರ್ಧ ಮೀಟರ್‌ನಷ್ಟು ಹಿಂದೆಮುಂದೆ ಇತ್ತು. ಇಡೀ ಗೋಡೆಯನ್ನು ಹಿಡಿದು ನಿಲ್ಲಿಸಿದ್ದು ಆ ಅರ್ಧ ಮೀಟರ್ ಮಾತ್ರ. ಅಷ್ಟರಲ್ಲಿ 4 ಮಿ.ಮೀ. ತಪ್ಪಿದರೆ 25 ಮೀಟರ್ ಮೇಲೆ 200 ಮಿ.ಮೀ. ಆಗುತ್ತದೆ. ಲೆಕ್ಕ ಸರಿಯಾಗಿ ಕೂತಿತು. ಘನ ಅಳತೆಯಲ್ಲಿ ನೋಡಿದರೆ ಸರಾಸರಿ 10 ಸೆಂ.ಮೀ., 60 ಮೀಟರ್ ಉದ್ದ, 25 ಮೀಟರ್ ಎತ್ತರ: 150 ಘನ ಮೀಟರ್ ತಪ್ಪು. ಬಂಡೆಯ ಬಿರುಕುಗಳ ಇಳಿಜಾರು ಕೂಡ ಸುಮಾರು ಅರ್ಧ ಡಿಗ್ರಿ ತಪ್ಪಾಗಿ ಬರುತ್ತದೆ.

ಇದನ್ನು ಪತ್ತೆ ಮಾಡಲು ಇರುವುದು ಒಂದೇ ದಾರಿ: ಜೋಡಣೆಗೆ ಬಳಸದ ಬಿಂದುಗಳು. ಗೋಡೆಯ ಮೇಲ್ಭಾಗದಲ್ಲಿ ಮೂರು ನಾಲ್ಕು ಗುರುತು ಸಿಗುವ ಜಾಗ ಆರಿಸಿ. ಹಳೆಯ ಡ್ರಿಲ್ ತೂತಿನ ತುದಿ, ಬಿಳಿ ಕ್ವಾರ್ಟ್ಜ್ ಗೆರೆ ಎರಡು ಸೇರುವ ಜಾಗ, ಯಾವುದಾದರೂ ಆಗಬಹುದು. ಪ್ರಿಸಮ್ (ಬೆಳಕನ್ನು ವಾಪಸ್ ಕಳಿಸುವ ಗಾಜು) ಇಲ್ಲದ ಮೋಡ್‌ನಲ್ಲಿ ಟೋಟಲ್ ಸ್ಟೇಷನ್‌ನಿಂದ ಅವನ್ನು ಅಳೆಯಿರಿ. ಜೋಡಣೆಗೆ ಸೇರಿಸದೆ ಪಕ್ಕಕ್ಕೆ ಇಡಿ. ಎಲ್ಲ ಮುಗಿದ ಮೇಲೆ ಕ್ಲೌಡ್‌ನಲ್ಲಿ ಅದೇ ಜಾಗ ಎಲ್ಲಿ ಬಂದಿದೆ ನೋಡಿ. ಈ ಬಿಂದುಗಳ ವ್ಯತ್ಯಾಸವೇ ನಿಜವಾದ ಎರರ್. ವರದಿಯಲ್ಲಿ ನಾನು ಈಗ ಅದನ್ನೇ ಮೊದಲು ಬರೆಯುತ್ತೇನೆ, ಟಾರ್ಗೆಟ್‌ಗಳ ಆರ್‌ಎಂಎಸ್ ಆಮೇಲೆ.

ತಪ್ಪಿಸಲು ಸುಲಭ ಉಪಾಯ ಇದೆ. ಗೋಡೆಗೆ ಹತ್ತಲಾಗದಿದ್ದರೆ ಸ್ಕ್ಯಾನರ್‌ನ ಹಿಂದೆ, ಗೋಡೆಯಿಂದ 30 ಅಥವಾ 40 ಮೀಟರ್ ದೂರದಲ್ಲಿ ಎರಡು ಟಾರ್ಗೆಟ್ ಟ್ರೈಪಾಡ್ ಮೇಲೆ ನಿಲ್ಲಿಸಿ. ಸ್ಕ್ಯಾನರ್ ಸುತ್ತಲೂ ನೋಡುತ್ತದೆ, ಅವನ್ನೂ ಹಿಡಿಯುತ್ತದೆ. ಅರ್ಧ ಮೀಟರ್ ಇದ್ದ ಹಿಡಿತ 40 ಮೀಟರ್ ಆಗುತ್ತದೆ. ಬ್ರೇಕರ್ ನಿಂತ ಹೊತ್ತಿನಲ್ಲಿ ಕಾಂಪೆನ್ಸೇಟರ್ ಆನ್ ಇಟ್ಟು ಸ್ಕ್ಯಾನ್ ಮಾಡಿದರೆ ಇನ್ನೂ ಒಳ್ಳೆಯದು. ಊಟದ ಬಿಡುವು ಅದಕ್ಕೆ ಸರಿಯಾದ ಸಮಯ.

ಕ್ಲೌಡ್ ಎಲ್ಲೋ ಹೋಗಿ ಕೂತಿದ್ದರೆ

ಇವು ದೊಡ್ಡ ತಪ್ಪುಗಳು, ಆದರೆ ಅಂಕಿ ನೋಡಿದ ಕೂಡಲೇ ಗುರುತು ಸಿಗುತ್ತವೆ.

ಸುಮಾರು 650 ಕಿ.ಮೀ. ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಿದ್ದರೆ ಜೋನ್ ತಪ್ಪಿದೆ. 78ನೇ ರೇಖಾಂಶದ ಹತ್ತಿರ ಒಂದೇ ಕಲ್ಲಿಗೆ 43ನೇ ಜೋನಿನಲ್ಲಿ ಪೂರ್ವದ ಅಂಕಿ 8 ಲಕ್ಷದ 20 ಸಾವಿರ ಮೀರಿ ಇರುತ್ತದೆ, 44ರಲ್ಲಿ 1 ಲಕ್ಷದ 70 ಸಾವಿರದ ಆಸುಪಾಸು. ಜಿಎನ್‌ಎಸ್‌ಎಸ್ ರೋವರ್ (ಉಪಗ್ರಹದಿಂದ ಜಾಗ ಅಳೆಯುವ ಯಂತ್ರ) ಆಟೋ ಜೋನ್‌ನಲ್ಲಿದ್ದರೆ ಗಡಿ ದಾಟಿದಾಗ ತಾನೇ ಬದಲಾಯಿಸಿಬಿಡಬಹುದು. ಒಂದು ಕೆಲಸಕ್ಕೆ ಒಂದೇ ಜೋನ್ ಅಂತ ಮೊದಲೇ ಬೀಗ ಹಾಕಿ. ಅಂಚಿನ ಆಚೆ ಕೆಲವು ಕಿ.ಮೀ. ಹೋದರೂ ಪಕ್ಕದ ಜೋನ್ ಬಳಸಲು ಅಡ್ಡಿ ಇಲ್ಲ. ಸಾಫ್ಟ್‌ವೇರ್‌ಗೆ ಜೋನ್ ಹೇಳಲು ಕೊಡುವ ಇಪಿಎಸ್‌ಜಿ ನಂಬರ್ 43ಕ್ಕೆ 32643, 44ಕ್ಕೆ 32644.

ಎತ್ತರ ಮಾತ್ರ ಸುಮಾರು 86 ಮೀಟರ್ ತಪ್ಪಿದ್ದರೆ ಅದು ಜಿಯಾಯ್ಡ್ (ಸಮುದ್ರಮಟ್ಟದ ಮೇಲ್ಮೈ) ವಿಷಯ. ಜಿಎನ್‌ಎಸ್‌ಎಸ್ ಕೊಡುವುದು ಎಲಿಪ್ಸಾಯ್ಡ್, ಅಂದರೆ ಲೆಕ್ಕಕ್ಕೆ ಇಟ್ಟುಕೊಂಡ ಭೂಮಿಯ ನಯವಾದ ಆಕಾರದ ಮೇಲಿನ ಎತ್ತರ. ನಮ್ಮ ಭಾಗದಲ್ಲಿ ಅದು ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕಿಂತ ಅಷ್ಟು ಕಡಿಮೆ ಇರುತ್ತದೆ. 870 ಮೀಟರ್ ಇರಬೇಕಾದ ಜಾಗ 784 ಅಂತ ತೋರಿಸಿದರೆ ಗಾಬರಿ ಬೇಡ. ಯಾವ ಎತ್ತರ ಅಂತ ತಿಳಿದುಕೊಂಡು ಎಲ್ಲ ಬಿಂದುವನ್ನೂ ಒಂದೇ ಬಗೆಗೆ ತನ್ನಿ. ಅರ್ಧ ಬಿಂದು ಒಂದು ಬಗೆ, ಅರ್ಧ ಇನ್ನೊಂದು ಬಗೆ ಸೇರಿದರೆ ಮಾತ್ರ ಜೋಡಣೆ ಪೂರ್ತಿ ಕೆಡುತ್ತದೆ. ಆಗ ದೂರದ ಪಟ್ಟಿಯಲ್ಲಿ ಬಿಂದುಗಳು ಎರಡು ಗುಂಪಾಗಿ ಒಡೆದು ಕಾಣುತ್ತವೆ.

ನೂರು ಇನ್ನೂರು ಮೀಟರ್ ಪಕ್ಕಕ್ಕೆ ಹೋಗಿದ್ದರೆ ಯಾರೋ ಹಳೆಯ ಟೋಪೋಶೀಟ್‌ನಿಂದ ಅಂಕಿ ತೆಗೆದಿದ್ದಾರೆ. ಅವು ಎವರೆಸ್ಟ್ ಎಲಿಪ್ಸಾಯ್ಡ್ ಮೇಲೆ ಮಾಡಿದವು, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84 ಅಲ್ಲ. ಅರ್ಧ ಮೀಟರ್, ಒಂದು ಮೀಟರ್ ಈಶಾನ್ಯಕ್ಕೆ ಸರಿದಿದ್ದರೆ ವರ್ಷದ ವ್ಯತ್ಯಾಸ ಇರಬಹುದು. ನಮ್ಮ ಕಾಲ ಕೆಳಗಿನ ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಜರುಗುತ್ತಿದೆ. ಹತ್ತು ವರ್ಷ ಹಿಂದಿನ ಕಂಟ್ರೋಲ್ ಬಿಂದುವನ್ನೂ ಇವತ್ತಿನ ಪಿಪಿಪಿ ಬಿಂದುವನ್ನೂ (ಉಪಗ್ರಹದಿಂದ ನೇರವಾಗಿ ಲೆಕ್ಕ ಹಾಕಿದ್ದು) ಬೆರೆಸಿದರೆ ಅರ್ಧ ಮೀಟರ್ ಹೋಯಿತು.

30ರಿಂದ 35 ಮಿ.ಮೀ. ತಪ್ಪು, ಅದೂ ಟೋಟಲ್ ಸ್ಟೇಷನ್ ನೋಡುವ ದಿಕ್ಕಿಗೇ ಇದ್ದರೆ, ಪ್ರಿಸಮ್ ಕಾನ್‌ಸ್ಟೆಂಟ್ (ಪ್ರಿಸಮ್‌ಗೆ ತಕ್ಕ ಹಾಗೆ ದೂರಕ್ಕೆ ಮಾಡುವ ತಿದ್ದುಪಡಿ) ನೋಡಿ. ದಿಕ್ಕು ಹಿಡಿಯಲು ಗೊತ್ತಿರುವ ಬಿಂದುವಿನಲ್ಲಿ ಇಟ್ಟ ಬ್ಯಾಕ್‌ಸೈಟ್ ಪ್ರಿಸಮ್‌ಗೆ ಹಾಕಿದ ಅಂಕಿಯನ್ನು ಟಾರ್ಗೆಟ್ ಹಾಳೆಗೂ ಹಾಗೇ ಬಿಟ್ಟಿರುತ್ತಾರೆ. ಎಲ್ಲ ಟಾರ್ಗೆಟ್‌ಗಳನ್ನೂ ಒಂದೇ ಕಡೆಯಿಂದ ನೋಡಿದ್ದರೆ ಇಡೀ ಗೋಡೆ ಹೆಚ್ಚುಕಡಿಮೆ ಒಟ್ಟಿಗೇ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ದೂರದ ಪಟ್ಟಿಯಲ್ಲಿ ಅದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಎರಡು ಕಡೆಯಿಂದ ಅಳೆದರೆ ಸಿಕ್ಕಿಬೀಳುತ್ತದೆ.

ಪಟ್ಟೆ ಪಟ್ಟೆ ಕಂಡರೆ

ಜೋಡಿಸುವ ಮೊದಲು ನಯವಾಗಿದ್ದ ಬಂಡೆ ಜೋಡಿಸಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆಯಾ? ಅಳತೆ ಸರಿಯಿದೆ, ಅಂಕಿಯನ್ನು ಹಿಡಿದಿಡುವ ಜಾಗ ಸಾಲುತ್ತಿಲ್ಲ. ಸಾಕಷ್ಟು ಸಾಫ್ಟ್‌ವೇರ್‌ಗಳು ಚುಕ್ಕಿಗಳನ್ನು 32 ಬಿಟ್ ದಶಮಾಂಶದಲ್ಲಿ ಇಡುತ್ತವೆ. ಅದರಲ್ಲಿ ಏಳು ಅಂಕಿಯಷ್ಟೇ ನಿಖರವಾಗಿ ಉಳಿಯುತ್ತದೆ. ನಮ್ಮ ಭಾಗದ ಉತ್ತರದ ಅಂಕಿ 14 ಲಕ್ಷದ ಮೇಲಿದೆ. ಅಷ್ಟು ದೊಡ್ಡ ಸಂಖ್ಯೆಗೆ 32 ಬಿಟ್‌ನಲ್ಲಿ ಒಂದು ಹೆಜ್ಜೆ ಅಂದರೆ 12.5 ಸೆಂ.ಮೀ. 8 ಲಕ್ಷದ ಪೂರ್ವದ ಅಂಕಿಗೆ 6.25 ಸೆಂ.ಮೀ. ನಡುವೆ ಇರುವ ಚುಕ್ಕಿಗಳೆಲ್ಲ ಹತ್ತಿರದ ಹೆಜ್ಜೆಗೆ ಜಿಗಿದು ಪಟ್ಟೆ ಕಟ್ಟುತ್ತವೆ.

ಕ್ಲೌಡ್‌ಕಂಪೇರ್ ದೊಡ್ಡ ಅಂಕಿಯ ಫೈಲ್ ತೆರೆಯುವಾಗ ಗ್ಲೋಬಲ್ ಶಿಫ್ಟ್ (ಎಲ್ಲ ಅಂಕಿಯಿಂದ ಒಂದೇ ದೊಡ್ಡ ಸಂಖ್ಯೆ ಕಳೆಯುವುದು) ಬೇಕಾ ಅಂತ ಕೇಳುತ್ತದೆ. ಒಪ್ಪಿಕೊಳ್ಳಿ. ಒಂದೇ ಕೆಲಸದ ಎಲ್ಲ ಫೈಲ್‌ಗಳಿಗೂ ಒಂದೇ ಶಿಫ್ಟ್ ಕೊಡಿ. ಮೊದಲೇ ಹೇಳಿದ 2000, 7000ರ ನೆಲದ ನಿರ್ದೇಶಾಂಕ ಬಳಸಿದರೆ ಈ ತೊಂದರೆ ಬರುವುದೇ ಇಲ್ಲ. ಕ್ಲೌಡನ್ನು ಲಾಸ್ (LAS) ಫೈಲ್‌ಗೆ ಉಳಿಸುವಾಗ ಆ ಫೈಲಿನ ಸ್ಕೇಲ್ (ಇಲ್ಲಿ ಹೆಜ್ಜೆಯ ಅಳತೆ ಅಂತ ಅರ್ಥ) 0.01 ಇದ್ದರೆ ಒಂದು ಸೆಂ.ಮೀ. ಹೆಜ್ಜೆ ಉಳಿಯುತ್ತದೆ, 0.001 ಕೊಡಿ. ಪಟ್ಟೆ ಬಿದ್ದ ಫೈಲನ್ನು ಸರಿಪಡಿಸಲು ಆಗುವುದಿಲ್ಲ. ಮೂಲ ಸ್ಕ್ಯಾನ್‌ನಿಂದ ಮತ್ತೆ ಶುರು ಮಾಡಬೇಕು. ಹಾಗಾಗಿ ಮೂಲವನ್ನು ಅಳಿಸಬೇಡಿ.

ಒಂದೇ ಗೋಡೆ ಎರಡಾಗಿ ಕಂಡರೆ

ಕ್ಲೌಡ್‌ನಲ್ಲಿ 10 ಸೆಂ.ಮೀ. ದಪ್ಪದ ಒಂದು ಅಡ್ಡ ಸೀಳು ಕತ್ತರಿಸಿ, ಪ್ರತಿ ಸ್ಕ್ಯಾನಿಗೆ ಬೇರೆ ಬಣ್ಣ ಕೊಟ್ಟು ಪಕ್ಕದಿಂದ ನೋಡಿ. ಒಂದೇ ಗೆರೆ ಕಾಣಬೇಕು. ಎರಡು ಗೆರೆ ಅಕ್ಕಪಕ್ಕ ಓಡಿದ್ದರೆ ಸ್ಕ್ಯಾನ್‌ಗಳು ಒಂದಕ್ಕೊಂದು ಸೇರಿಲ್ಲ. ಟಾರ್ಗೆಟ್ ಜೋಡಣೆಯನ್ನು ಎಷ್ಟು ತಿದ್ದಿದರೂ ಇದು ಹೋಗುವುದಿಲ್ಲ, ಸುಮ್ನೆ ಸಮಯ ಹಾಳು.

ಗ್ರಾನೈಟ್ ಗೋಡೆಯಲ್ಲಿ ಇದು ಆಗಲು ಒಂದು ಕಾರಣ ಇದೆ. ಸಪಾಟಾಗಿ ಒಡೆದ ಬಂಡೆ ಉದ್ದಕ್ಕೂ ಒಂದೇ ತರ ಇರುತ್ತದೆ. ಎರಡು ಕ್ಲೌಡ್‌ಗಳ ಆಕಾರ ನೋಡಿ ತಾನೇ ಜೋಡಿಸುವ ಐಸಿಪಿ ವಿಧಾನ ಅಂಥ ಗೋಡೆಯ ಉದ್ದಕ್ಕೆ ಜಾರಿಬಿಡುತ್ತದೆ, ಹಿಡಿದುಕೊಳ್ಳಲು ಮೂಲೆ ಇರುವುದಿಲ್ಲ. ಸ್ಕ್ಯಾನ್ ಮಾಡುವಾಗಲೇ ನೆಲ, ಬೆಂಚ್ (ಕ್ವಾರಿಯ ಮೆಟ್ಟಿಲು), ಪಕ್ಕದ ಮೂಲೆ, ಬಿದ್ದ ದಿಂಡುಗಳು ಎಲ್ಲವನ್ನೂ ಸೇರಿಸಿಕೊಳ್ಳಿ. ನಡುವೆ ಲಾರಿ, ಹಿಟಾಚಿ ಜರುಗಿದ್ದರೆ ಆ ಚುಕ್ಕಿಗಳನ್ನು ಅಳಿಸಿ ಆಮೇಲೆ ಐಸಿಪಿ ಓಡಿಸಿ. ಮಳೆ ನೀರು ಇಳಿದು ಕಪ್ಪಾದ ಪಟ್ಟಿಯಲ್ಲಿ ಲೇಸರ್ ಸರಿಯಾಗಿ ವಾಪಸ್ ಬರುವುದಿಲ್ಲ, ಅಲ್ಲಿ ಟಾರ್ಗೆಟ್ ಅಂಟಿಸಬೇಡಿ.

ಫೀಲ್ಡ್ ಬುಕ್

ಕ್ವಾರಿ ಬಿಡುವ ಮೊದಲು ನಾವೀಗ ಕಾರಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು ದೂರದ ಪಟ್ಟಿ ಮಾಡುತ್ತೇವೆ. ಟಾರ್ಗೆಟ್ ಇನ್ನೂ ಗೋಡೆ ಮೇಲೇ ಇರುತ್ತದೆ, ಟೋಟಲ್ ಸ್ಟೇಷನ್ ಇನ್ನೂ ಕಂಬದ ಮೇಲೇ ಇರುತ್ತದೆ. ಏನಾದರೂ ಕೆಟ್ಟಿದ್ದರೆ ಐದು ನಿಮಿಷದಲ್ಲಿ ಮತ್ತೆ ಅಳೆಯಬಹುದು. ಮಾರನೇ ದಿನ ಅದೇ ಜಾಗಕ್ಕೆ ಬಂದರೆ ಬ್ಲಾಸ್ಟಿಂಗ್ ಆಗಿ ಗೋಡೆಯೇ ಇರುವುದಿಲ್ಲ.

ಪ್ರತಿ ಕೆಲಸದ ಪುಟದ ಮೊದಲ ಸಾಲು ಈಗ ಹುಡುಗನೇ ಬರೆಯುತ್ತಾನೆ. ಆ ಕ್ವಾರಿಗೆ ಎರಡನೇ ಸಲ ಹೋದಾಗ ಅವನು ಬರೆದದ್ದು ಹೀಗಿದೆ: "ಜೋನ್ 43. ಎತ್ತರ ಸಮುದ್ರಮಟ್ಟದಿಂದ. ಗ್ರಿಡ್ ಸ್ಕೇಲ್ ಆಫ್, ಲೆಕ್ಕಕ್ಕೆ 1.00078. ಟಾರ್ಗೆಟ್‌ಗೆ ಪ್ರಿಸಮ್ ಕಾನ್‌ಸ್ಟೆಂಟ್ 0. ಕಾಂಪೆನ್ಸೇಟರ್ ಆನ್. ಚೆಕ್ ಪಾಯಿಂಟ್ ಮೇಲಂಚಿನಲ್ಲಿ 4, ಜೋಡಣೆಗೆ ಸೇರಿಸಬಾರದು."